ಬ್ಲಾಗಿನಲ್ಲಿ ಹೆಸರಿಲ್ಲದ ಕೈಗಳು

ಸ್ನೇಹಿತರೇ, ರೋಣದ ಚಪ್ಪಲಿ ವ್ಯಾಪಾರಿ ದಾವಲಸಾಬರು ಇಂದು ಮಧ್ಯಾಹ್ನ ನಮ್ಮ ಐಟಿಐಗೆ ಬಂದು, ನನ್ನ ಬ್ಲಾಗಿನ ಒಂದು ಚಿತ್ರದ ಬಗ್ಗೆ ಮಾತನಾಡಬೇಕೆಂದರು. ಅವರ ಮಗಳು, ನನ್ನ ವಿದ್ಯಾರ್ಥಿನಿ ರೇಷ್ಮಾ, ಮೋಟಾರ್ ವೈಂಡಿಂಗ್ ಮಾಡುತ್ತಿರುವ, ಅಂದರೆ ಮೋಟಾರಿಗೆ ತಂತಿ ಸುತ್ತುತ್ತಿರುವ ಚಿತ್ರ ಅದು. ವಿದ್ಯಾರ್ಥಿಗಳ ಮುಖವನ್ನಾಗಲಿ ಹೆಸರನ್ನಾಗಲಿ ಪ್ರಕಟಿಸಬಾರದೆಂಬುದು ನಾನೇ ಹಾಕಿಕೊಂಡ ನಿಯಮವಾದ್ದರಿಂದ ಅದರಲ್ಲಿ ಅವಳ ಕೈಗಳಷ್ಟೇ ಇವೆ. ಆದರೂ ಆಕ್ಷೇಪ ಬಂದಿತೆಂದುಕೊಂಡು, "ಈಗ ತಗದಬಿಡ್ತೀನ್ರಿ" ಎಂದೆ.

"ತಗೀಬ್ಯಾಡ್ರಿ ಸರ್. ಹೆಸರ ಯಾಕ ಹಾಕಿಲ್ಲ ಅಂತ ಕೇಳಾಕ ಬಂದೀನಿ. ಹುಡುಗಿಗೆ ಕರೆಂಟಿನ ಕೆಲಸ ಯಾಕ, ಸಾಲಿ ಬಿಡಸು ಅಂತಾನ ನಮ್ಮಣ್ಣ. ನಿನ್ನೆ ಅವನ್ನ ಇಂಟರ್ನೆಟ್ ಅಂಗಡಿಗೆ ಕರಕೊಂಡ ಹೋಗಿ ಈ ಫೋಟೋ ತೋರಿಸಿದೆ. ಯಾರ ಕೈಯೋ ಏನೋ ಅಂತ ನಕ್ಕಬಿಟ್ಟ."

ರೇಷ್ಮಾಳನ್ನು ಕರೆದು ಒಪ್ಪಿಗೆ ಕೇಳಿದೆ.

"ಹೆಸರ ಹಾಕ್ರಿ ಸರ್. ಆದ್ರ ಫೋಟೋ ಬ್ಯಾರೆ ಹಾಕ್ರಿ. ಅದು ನಾ ಮೊದಲನೇ ಸಲ ಸುತ್ತಿದ್ದು, ತಂತಿ ಸಡ್ಲ ಅದಾವು. ನಾಳೆ ಚಲೋ ಸುತ್ತತೀನಿ."

"ಹೊಸಾದ್ರಾಗ ಮುಖಾನೂ ಬರಲಿ," ಎಂದರು ದಾವಲಸಾಬರು.

"ನನ್ನ ಮುಖ ದೊಡ್ಡಪ್ಪ ದಿನಾ ನೋಡ್ತಾರ, ಅಬ್ಬಾ. ಮೋಟಾರ್ ನೋಡಲಿ," ಎಂದಳು ರೇಷ್ಮಾ ತಂದೆಗೆ.

ನಾಳೆ ಸಂಜೆ ಅಣ್ಣನನ್ನು ಮತ್ತೆ ಇಂಟರ್ನೆಟ್ ಅಂಗಡಿಗೆ ಕರೆದೊಯ್ಯುವುದಾಗಿ ಹೇಳಿ ದಾವಲಸಾಬರು ನಗುತ್ತಲೇ ಹೊರಟರು. ಅಷ್ಟರೊಳಗೆ ನಾನು ಚಿತ್ರ ಬದಲಿಸಿ ಹೆಸರು ಸೇರಿಸಬೇಕು. ಸಡಿಲ ತಂತಿಯ ಆ ಹಳೆಯ ಚಿತ್ರದ ಕೆಳಗೆ 'ಮಾದರಿ ವೈಂಡಿಂಗ್' ಎಂದು ಬರೆದ ಶಿಕ್ಷಕನ, ಅಂದರೆ ನನ್ನ, ಹೆಸರು ಮಾತ್ರ ಬ್ಲಾಗಿನ ನೆತ್ತಿಯ ಮೇಲೆ ಮೊದಲಿನಿಂದಲೂ ಇದೆ.