ರಟ್ಟಿನೊಳಗೆ ಸಿಕ್ಕಿಕೊಂಡ ಹಡಗು

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮರಿತಾಯಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಏಳುವ ಆವಿಯ ಮೇಲೆ ಹಳೆಯ ಪುಸ್ತಕವೊಂದರ ರಟ್ಟನ್ನು ಓರೆಯಾಗಿ ಹಿಡಿದರು. ನಲವತ್ತು ಎಣಿಸಿದರು. ರಟ್ಟನ್ನು ಮೇಜಿಗೆ ತಂದು, ಎಮ್ಮೆಕೊಂಬನ್ನು ಉಜ್ಜಿ ಮಾಡಿಕೊಂಡ ತೆಳು ಪಟ್ಟಿಯನ್ನು ಅದರ ಪದರದೊಳಗೆ ತೂರಿಸಿದರು. ಭತ್ತದ ಕಾಳಿನಷ್ಟು ಕಾಗದ ಬಿಟ್ಟುಕೊಂಡಿತು. ಮತ್ತೆ ಆವಿಗೆ ಹಿಡಿದರು. ಮೂರು ವಾರದಿಂದ ಇದೇ ಕೆಲಸ.

ಅರವತ್ತೊಂದು ವರ್ಷದ ಮರಿತಾಯಮ್ಮ ಚಾಮರಾಜನಗರದಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಾರೆ. ಹದಿನೇಳನೆಯ ವಯಸ್ಸಿಗೆ ಒಂದು ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸಕ್ಕೆ ಸೇರಿದವರು, ಪ್ರೆಸ್ ಮುಚ್ಚುವ ಹೊತ್ತಿಗೆ ಅಲ್ಲಿನ ಕೆಲಸವೆಲ್ಲ ಕಲಿತಿದ್ದರು. ಸೌದೆಗೆ ಹೋಗಬೇಕಿದ್ದ ಮರದ ಒತ್ತುಹಲಗೆಗಳನ್ನು ಗೂಡ್ಸ್ ಆಟೋದಲ್ಲಿ ಮನೆಗೆ ತಂದರು. ಈಗ ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ಮನೆಗಳಲ್ಲಿ ಹುಳು ಹಿಡಿದ ಹಳೆಯ ಹೊತ್ತಿಗೆಗಳು ಅವರ ಜಗಲಿಗೆ ಬರುತ್ತವೆ.

ಈ ರಟ್ಟು ಅರಿಶಿನ ವ್ಯಾಪಾರಿ ಬಸವಪ್ರಸಾದ್ ಅವರ ಮನೆಯದು. ಅವರ ಪೂರ್ವಿಕರೊಬ್ಬರು ಕೈಯಲ್ಲಿ ಬರೆದಿಟ್ಟ ವಚನಗಳ ಪುಸ್ತಕಕ್ಕೆ ಹೊಸ ಹೊದಿಕೆ ಬೇಕಿತ್ತು. ಹಿಂದೆ ರಟ್ಟನ್ನು ಕೊಳ್ಳುತ್ತಿರಲಿಲ್ಲ. ರದ್ದಿ ಹಾಳೆಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ಮಾಡಿಕೊಳ್ಳುತ್ತಿದ್ದರು. ಹಳೆಯ ರಟ್ಟು ಬಂದರೆ ಮರಿತಾಯಮ್ಮ ಎಸೆಯುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ ಪದರ ಬಿಡಿಸಿ ನೋಡುತ್ತಾರೆ.

ಹಿಂಬದಿಯ ರಟ್ಟು ಒಂದು ಗಂಟೆಯಲ್ಲಿ ಬಿಟ್ಟಿತು. ಒಳಗಿದ್ದದ್ದು ಇಂಗ್ಲಿಷ್ ಪತ್ರಿಕೆಯ ಒಂದು ಹಾಳೆ. ಇಸವಿ ಸಾವಿರದ ಏಳುನೂರ ತೊಂಬತ್ತರ ದಶಕದ್ದು. ಕೊನೆಯ ಅಂಕಿಯನ್ನು ಹುಳು ತಿಂದಿತ್ತು. ಹಾಯಿ ಹಡಗುಗಳ ಕಾಳಗದ ವರದಿ ಅದರಲ್ಲಿ ಶುರುವಾಗಿ ಮುಂದಿನ ಹಾಳೆಗೆ ಹೋಗಿತ್ತು. ಮುಂದಿನ ಹಾಳೆ ಮುಂಬದಿಯ ರಟ್ಟಿನಲ್ಲಿತ್ತು. ಅದು ಬಿಸಿನೀರಿಗೆ ಜಗ್ಗಲಿಲ್ಲ.

ಬುಧವಾರ ಬಸವಪ್ರಸಾದ್ ಬಂದಿದ್ದರು. ಸೋಮವಾರ ಅವರ ಹೊಸ ಅಂಗಡಿಯ ಪೂಜೆ; ಅಷ್ಟರಲ್ಲಿ ಆ ಹಡಗಿನ ಹಾಳೆಗಳು ಅಲ್ಲಿಗೆ ಬೇಕಿದ್ದವು.

"ಬಂದಷ್ಟ ಕತ್ರುಸ್ಕೊಡಿ ತಾಯಮ್ಮಾರೆ. ಪ್ಲಾಸ್ಟಿಕ್ ಹಾಕ್ಸಿ ಗ್ವಾಡೆಗೆ ತಗಲಾಕ್ತೀನಿ."

"ಅರ್ಧ ಮೊಕ ಕತ್ರುಸ್ಬುಟ್ಟು ಫೋಟೋ ಹಾಕಂಡಂಗಾಯ್ತದೆ ಸಾವ್ಕಾರ್ರೆ."

"ಯಾರ್ ಓದಾರು ಕಣವ್ವ ಅದ? ಗಿರಾಕಿ ಅರಿಶಿನ ನೋಡ್ಬೇಕೋ ಹಡ್ಗ ನೋಡ್ಬೇಕೋ?"

"ಓದೋರೇ ಇಲ್ದಿದ್ರೆ ಗ್ವಾಡೆಗ್ಯಾಕೆ?"

ಬಸವಪ್ರಸಾದ್ ನಕ್ಕರು, ಗಡುವು ಬದಲಿಸಲಿಲ್ಲ. ಭಾನುವಾರ ಸಂಜೆ ಬರುತ್ತೇನೆ, ಅಷ್ಟರಲ್ಲಿ ಬಿಡದ ಭಾಗಕ್ಕೆ ಕತ್ತರಿ ಎಂದು ಹೇಳಿ ಹೋದರು.

ಶನಿವಾರ ಮಧ್ಯಾಹ್ನ ತಂಗಿಯ ಮಗಳು ರಮ್ಯ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದಳು. ಅಲ್ಲಿನ ಹೈಸ್ಕೂಲಿನಲ್ಲಿ ಅವಳು ಇಂಗ್ಲಿಷ್ ಟೀಚರ್. ಬಿಟ್ಟುಕೊಂಡಷ್ಟು ಭಾಗದ ಮೇಲೆ ಬೆರಳು ತಾಗಿಸದೆ ಓದಿದಳು.

"ಹಳೇ ಕಾಲದ್ ಅಚ್ಚು, ಎಸ್ ಎಲ್ಲ ಎಫ್ ತರ ಅವೆ ದೊಡ್ಡವ್ವ. ಮೂರ್ ಗಂಟೆ ಗುಂಡ್ ಹೊಡ್ದವ್ರೆ. ಒಂದ್ ಹಡ್ಗದ್ ದೊಡ್ಡ ಹಾಯಿಕಂಬ ಮುರುದ್ ಬಿದ್ದದೆ. ಆಮೇಲೆ ಗಾಳಿ ನಿಂತೋಗದೆ."

"ಗಾಳಿ ನಿಂತ್ರೆ ಏನ್ ಮಾಡಾರು?"

"ಕಾಯ್ತಾರೆ. ಇಲ್ದಿದ್ರೆ ಸಣ್ಣ ದೋಣಿ ಇಳ್ಸಿ, ಹಗ್ಗ ಕಟ್ಟಿ, ಹುಟ್ಟು ಹಾಕಂಡು ಎಳೀತಾರೆ."

"ಹಡ್ಗನಾ? ಸರಿ ಬುಡು, ನನ್ಗಿಂತ ಮೊಂಡ್ರು. ಆಮೇಲೆ?"

"ಆಮೇಲಿಂದು ಅಂಟ್ಕಂಡದೆ."

"ಗೆದ್ದೋರ್ಯಾರು?"

"ಅದೂ ಅಂಟ್ಕಂಡದೆ ಕಣ್ ದೊಡ್ಡವ್ವ."

ರಮ್ಯ ಸಂಜೆಯ ಬಸ್ಸಿಗೆ ಹೊರಟಳು. ಮರಿತಾಯಮ್ಮ ಪಾತ್ರೆಗೆ ನೀರು ಹಾಕಿದರು. ರಟ್ಟು ಯಾಕೆ ಬಿಡುತ್ತಿಲ್ಲ ಎಂಬುದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಭಾನುವಾರ ಬಸವಪ್ರಸಾದ್ ಪ್ಲಾಸ್ಟಿಕ್ ಫೈಲು ಹಿಡಿದು ಬಂದಾಗ ಇನ್ನೂ ನಾಲ್ಕು ಬೆರಳಗಲ ಉಳಿದಿತ್ತು. ಅವರು ಮೇಜಿನ ಮೇಲಿದ್ದ ಕತ್ತರಿ ಕಡೆ ನೋಡಿದರು. ಮರಿತಾಯಮ್ಮ ಅದನ್ನು ತೆಗೆದು ತಮ್ಮ ಮಗ್ಗುಲಿಗೆ ಇಟ್ಟುಕೊಂಡರು.

"ಒಂದ್ ಮಾತ್ ಕೇಳಿ ಸಾವ್ಕಾರ್ರೆ. ಹನ್ನೊಂದ್ ವರ್ಸದ ಹಿಂದೆ ನಿಮ್ಮಪ್ಪಾರು ಇದೇ ಪುಸ್ತಕ ತಂದಿದ್ರು. ಈ ರಟ್ಟು ಮೂಲೇಲಿ ಸೀಳ್ಬುಟ್ಟಿತ್ತು. ಹುಣಸೆ ಬೀಜ ಅರ್ಯಕೆ ಬೇಜಾರಾಗಿ, ಬೇಗ ಆಗ್ಲಿ ಅಂತ, ಒಳ್ಗೆಲ್ಲ ಡಬ್ಬಿ ಗಮ್ ಸುರ್ದು ಒತ್ಬುಟ್ಟೆ. ಅದು ಹುಣಸೆ ಅಂಟಿನಂಗೆ ನೀರಿಗೆ ಬುಡಕಿಲ್ಲ. ಒಳ್ಗೇನದೆ ಅಂತ ನೋಡ್ನಿಲ್ಲ. ಇದ್ನ ಅಂಟ್ಸಿರೋಳು ನಾನೇಯ."

ಬಸವಪ್ರಸಾದ್ ಜಗಲಿಯ ಅಂಚಿನಲ್ಲಿ ಕುಳಿತರು. "ಇದ್ನ ಇಷ್ಟ್ ದಿನ ಯಾಕ್ ಯೋಳ್ನಿಲ್ಲ?"

"ಪೂರ್ತಿ ಬುಡುಸ್ಬುಟ್ಟು ಯೋಳವ ಅಂತಿದ್ದೆ."

"ಭೇಷ್. ಕತ್ರಿ ಬತ್ತದೆ ಅಂದ್ಮೇಲೆ ಬಾಯ್ ಬುಟ್ರಿ."

"ಊ. ಈಗ ಕತ್ರುಸುದ್ರೆ ನಾನ್ ಮಾಡಿದ್ ತಪ್ಪು ಅಂಗೇ ಉಳ್ಕತದೆ. ಬೈಯಿರಿ, ಬೈಸ್ಕತೀನಿ. ಕತ್ರಿ ಮಾತ್ರ ಕೊಡಕಿಲ್ಲ."

ಬಸವಪ್ರಸಾದ್ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಬಿಟ್ಟ ಭಾಗದಲ್ಲಿ ಒಂದು ಅಕ್ಷರವೂ ಹರಿದಿರಲಿಲ್ಲ.

"ದಿನಕ್ಕೆಷ್ಟ್ ಬುಡ್ತದೆ?"

"ಅರ್ಧ ಬೆರಳು. ಆತ್ರ ಮಾಡುದ್ರೆ ಅದೂ ಇಲ್ಲ."

"ಅಂಟ್ಸಿದ್ ಕೈಯೇ ಬುಡುಸ್ಲಿ ಅತ್ಲಾಗಿ. ಗೆದ್ದೋರ್ ಯಾರು ಅಂತ ಮೊದ್ಲು ನಂಗೇ ಯೋಳ್ಬೇಕು, ಆಯ್ತಾ?" ಬಸವಪ್ರಸಾದ್ ಖಾಲಿ ಫೈಲನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು.

ಅಂಗಡಿಯ ಪೂಜೆ ಸೋಮವಾರವೇ ನಡೆಯಿತು. ಉಳಿದ ನಾಲ್ಕು ಬೆರಳಗಲ ಬಿಡಿಸಲು ಇನ್ನು ಎಂಟು ದಿನ ಬೇಕು.