ಒಂದೇ ಪ್ಲಗ್ಗಿನ ಮನೆ

೧೯೯೮ರಲ್ಲಿ ಏಳನೆಯ ಇಯತ್ತೆಗೆ ಓದು ನಿಲ್ಲಿಸಿದವನು ನಾನು. ಅದೇ ಮಾತನ್ನು ಹತ್ತು ಜನರ ನಡುವೆ ಒಬ್ಬರು ಎತ್ತಿ ಆಡಿದ್ದಕ್ಕೆ, ನನ್ನ ಕೈಯಿಂದಾದ ತಪ್ಪನ್ನು ಕಳ್ಳಕವಟಗಿಯ ಶಾಂತಕ್ಕನ ಮೇಲೆ ಹಾಕಿದೆ. ಆಕೆ ಏನೂ ಮಾಡಿರಲಿಲ್ಲ. ಮಾಡಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು — ಆಮೇಲೆ ತಿಳಿದದ್ದಲ್ಲ, ಸುಳ್ಳು ನಾಲಿಗೆಯ ಮೇಲಿದ್ದಾಗಲೇ ಗೊತ್ತಿತ್ತು. ಏಳು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ.

ನನ್ನ ಕೆಲಸ ಫೈಬರ್ ಕೇಬಲ್ಲಿನದು. ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಗೆ ಕಂಬದಿಂದ ಕಂಬಕ್ಕೆ ಎಳೆದು ಇಂಟರ್ನೆಟ್ ಕೊಡುವುದು. ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರೊಳಗೆ ಕಣ್ಣಿಗೆ ಕಾಣದ ಬೆಳಕು. ಆ ಬೆಳಕನ್ನು ಕಂಪ್ಯೂಟರಿನ ತಂತಿಗೆ ತಿಳಿಯುವ ಹಾಗೆ ಬದಲಿಸಿ ಕೊಡುವುದು ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಕಬ್ಬಿಣದ ಪೆಟ್ಟಿಗೆ. ಎಳೆಯ ಈ ತುದಿಗೊಂದು, ಆ ತುದಿಗೊಂದು. ನಾವು ಬರೀ ‘ಡಬ್ಬಿ’ ಅನ್ನುತ್ತೇವೆ. ಅದರ ಮುಖದ ಮೇಲೆ ಹಸಿರು ದೀಪಗಳಿರುತ್ತವೆ. ಕರೆಂಟ್ ಬಂದರೆ ಒಂದು ಹತ್ತುತ್ತದೆ, ಆ ತುದಿಯ ಬೆಳಕು ಬಂದು ಮುಟ್ಟಿದರೆ ಇನ್ನೊಂದು. ಆ ಎರಡನೆಯದು ಹತ್ತುವ ಗಳಿಗೆ — ಅದಕ್ಕಾಗಿಯೇ ನಾನು ಈ ಕೆಲಸದಲ್ಲಿ ಉಳಿದೆನೇನೋ. ದ್ರಾಕ್ಷಿ ತೋಟಗಳನ್ನು, ಜೋಳದ ಹೊಲಗಳನ್ನು, ಹಳ್ಳವನ್ನು ದಾಟಿ, ಯಾರಿಗೂ ಕಾಣದೆ ಹರಿದು ಬಂದದ್ದು ಅಲ್ಲಿ ಬಂದು ಕಣ್ಣು ಬಿಡುತ್ತದೆ. ಚಿಕ್ಕವನಿದ್ದಾಗ ನಮ್ಮೂರು ಜೈನಾಪುರದ ಕಣದಲ್ಲಿ ಅಂಗಾತ ಮಲಗಿ ಚುಕ್ಕಿ ನೋಡುತ್ತಿದ್ದರೆ ಎದೆಯೊಳಗೆ ಏನೋ ಹಗುರಾಗುತ್ತಿತ್ತಲ್ಲ, ಹಾಗೆ.

ಹಳ್ಳಿಯಲ್ಲಿ ಡಬ್ಬಿ ಇಡಲು ನಮಗೆ ಆಫೀಸು ಇರುವುದಿಲ್ಲ. ಒಂದು ಮನೆ ಹುಡುಕುತ್ತೇವೆ. ಆ ಮನೆಯವರು ಗೋಡೆಯಲ್ಲಿ ಜಾಗ ಕೊಡಬೇಕು, ಕರೆಂಟ್ ಕೊಡಬೇಕು, ದೀಪದ ಮೇಲೆ ಕಣ್ಣಿಡಬೇಕು. ಬದಲಿಗೆ ಅವರಿಗೆ ನೆಟ್ ಪುಕ್ಕಟೆ. ಇದು ನಮ್ಮ ಕಡೆಯ ರೂಢಿ. ಡಬ್ಬಿಯ ಮನೆಗೆ ಊರಿನಲ್ಲಿ ಒಂದು ತೂಕ ಬರುತ್ತದೆ. ಲೈನ್ ಹೋದರೆ ಎಲ್ಲರೂ ಆ ಮನೆಯ ಬಾಗಿಲಿಗೇ ಬಂದು ಕೇಳುತ್ತಾರೆ.

ಕಳ್ಳಕವಟಗಿಯಲ್ಲಿ ಕಂಬಗಳ ಸಾಲು ಮೊದಲು ಮುಟ್ಟುವುದು ಕೆಳಗಿನ ಓಣಿಯನ್ನು. ಮೊದಲ ಮನೆ ಶಾಂತಕ್ಕನದು. ಗಂಡ ಇಲ್ಲ, ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಮಗಳು ರೇಖಾ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಬಾಜೂಕ್ಕೆ ಹಲಗೆ ಬಡಿದು ನಾನು ಡಬ್ಬಿ ಇಟ್ಟೆ. ಆ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್. ಅದನ್ನು ಡಬ್ಬಿಗೆ ಬಿಟ್ಟುಕೊಟ್ಟು, ತಾಯಿ ಮಗಳು ತಮ್ಮ ಮೊಬೈಲನ್ನು ಎದುರು ಮನೆಗೆ ಒಯ್ದು ಚಾರ್ಜ್ ಮಾಡಿಕೊಂಡು ಬರುತ್ತಿದ್ದರು. ಎರಡನೆಯದೊಂದು ಪ್ಲಗ್ ಹಾಕಿಕೊಡಲು ನನಗೆ ಅರ್ಧ ತಾಸು ಸಾಕಿತ್ತು. ಮುಂದಿನ ಸಲ, ಮುಂದಿನ ಸಲ ಅನ್ನುತ್ತ... ಇನ್ನೂ ಒಂದು ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನಾನು ಚಹಾ ಕುಡಿಯುತ್ತಿರಲಿಲ್ಲ. ಈಗಷ್ಟೇ ಕುಡಿದು ಬಂದೆ ಅನ್ನುತ್ತಿದ್ದೆ. ಶಾಂತಕ್ಕ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಯಾಕೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ರೇಖಾ ಎಲ್ಲಿಂದಲೋ ಒಂದು ಹಳೆಯ ಪ್ರಿಂಟರ್ ತಂದಳು. ಪಹಣಿ ತೆಗೆದುಕೊಡುವುದು, ಕರೆಂಟ್ ಬಿಲ್ ಕಟ್ಟುವುದು, ಹುಡುಗರ ರಿಸಲ್ಟ್ ನೋಡಿ ಹೇಳುವುದು. ಮೊದಮೊದಲು ಓಣಿಯವರೇ ಬಂದರು. ಆಮೇಲೆ — ಇದನ್ನು ನಾನು ಕಣ್ಣಾರೆ ಕಂಡವನು — ಮೇಲಿನ ಓಣಿಯವರೂ ಬರತೊಡಗಿದರು. ಹುಟ್ಟಿದಾಗಿನಿಂದ ಆ ಕಡೆ ಕಾಲಿಡದ ಮುದುಕರು ಹೊಸ್ತಿಲ ಹೊರಗೆ ನಿಂತು, ಕೆಮ್ಮಿ, ರೇಖಾ ಅದಾಳೇನಬೇ ಎಂದು ಕೇಳುತ್ತಿದ್ದರು. ಕೆಲವರು ಒಳಗೂ ಬಂದು ಕುಳಿತರು. ಶಾಂತಕ್ಕ ಚಾಪೆ ಹಾಸುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ, ಇದೆಲ್ಲ ನಾನು ಎಳೆದ ಎಳೆಯಿಂದಾದದ್ದು ಎಂದು.

ಏಳು ವರ್ಷದ ಹಿಂದಿನ ಮುಂಗಾರಿನ ಮೊದಲ ಸಿಡಿಲಿಗೆ ಶಾಂತಕ್ಕನ ಮನೆಯ ಡಬ್ಬಿ ಸುಟ್ಟಿತು. ಆಗಷ್ಟೇ ನಾವು ಒಂಟಿ ಎಳೆಯ ಹೊಸ ಡಬ್ಬಿಗಳಿಗೆ ಬಂದಿದ್ದೆವು. ಹಳೆಯವು ಎರಡು ಎಳೆಯವು; ಯಾವುದಕ್ಕೆ ಯಾವುದನ್ನಾದರೂ ಜೋಡಿಸಬಹುದಿತ್ತು. ಹೊಸವು ಹಾಗಲ್ಲ, ಗಂಡ ಹೆಂಡಿರ ಹಾಗೆ ಜೋಡಿಯಾಗಿ ಬರುತ್ತವೆ. ಒಂದು ಕಳಿಸುವ ಬೆಳಕಿನ ಬಣ್ಣವನ್ನು ಇನ್ನೊಂದು ಮಾತ್ರ ಹಿಡಿಯುತ್ತದೆ. ಎರಡು ತುದಿಗೂ ಒಂದೇ ಜಾತಿಯದನ್ನು ಇಟ್ಟರೆ ಎರಡೂ ಮಾತಾಡುತ್ತವೆ, ಎರಡಕ್ಕೂ ಏನೂ ಕೇಳುವುದಿಲ್ಲ. ಪೆಟ್ಟಿಗೆಯ ಮೇಲೆ, ಡಬ್ಬಿಯ ಬೆನ್ನಿನ ಮೇಲೆ ಎಲ್ಲ ಬರೆದಿರುತ್ತದೆ. ನನಗೆ ಬರೆದದ್ದರ ಹಂಗು ಬೇಡವಾಗಿತ್ತು. ಬೈಕಿನ ಮೇಲೆ ಜಾಗ ಸಾಲದೆಂದು ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಒಗೆದು, ಡಬ್ಬಿಗಳನ್ನು ಒಂದೇ ಚೀಲಕ್ಕೆ ಸುರಿದುಕೊಂಡು ತಿರುಗುತ್ತಿದ್ದೆ. ಅಂದೂ ಚೀಲಕ್ಕೆ ಕೈ ಹಾಕಿದೆ, ಸಿಕ್ಕದ್ದನ್ನು ಹಚ್ಚಿದೆ. ಕರೆಂಟಿನ ದೀಪ ಹತ್ತಿತು. ಇನ್ನೊಂದು ಹತ್ತಲಿಲ್ಲ.

ಸಿಡಿಲಿಗೆ ಎಲ್ಲೋ ಕೇಬಲ್ ಹರಿದಿದೆ ಎಂದುಕೊಂಡೆ. ಡಬ್ಬಿಯ ಮೇಲೆ, ಅಂದರೆ ನನ್ನ ಕೈಯ ಮೇಲೆ, ಅನುಮಾನವೇ ಬರಲಿಲ್ಲ. ಮೂರು ದಿನ ಲೈನ್ ಹಿಡಿದು ನಡೆದೆ. ಕೂಡಿಸಿದ ಜಾಗಗಳನ್ನು ಬಿಚ್ಚಿ, ಒಂದೊಂದೇ ತುಂಡಿಗೆ ಕೆಂಪು ಬೆಳಕಿನ ಪೆನ್ನು ಹಿಡಿದು ನೋಡಿದೆ. ಎಳೆ ಮುರಿದಲ್ಲಿ ಆ ಕೆಂಪು ಹೊರಗೆ ಚೆಲ್ಲಿ ಕಾಣುತ್ತದೆ. ಎಲ್ಲಿಯೂ ಚೆಲ್ಲಲಿಲ್ಲ. ಸಂಜೆ ಮಬ್ಬಿನಲ್ಲಿ ದ್ರಾಕ್ಷಿಯ ಚಪ್ಪರಗಳ ನಡುವೆ, ಹಸಿ ಮಣ್ಣಿನ ವಾಸನೆಯಲ್ಲಿ, ನಾನು ಹುಡುಕುತ್ತಿರುವುದು ಏನೆಂಬುದೇ ಮರೆತಂತಾಗಿ ನಿಂತುಬಿಡುತ್ತಿದ್ದೆ. ಶಾಂತಕ್ಕನಿಗೆ ದಿನವೂ ಫೋನ್ ಮಾಡುತ್ತಿದ್ದೆ. ಆಕೆ ಡಬ್ಬಿಯ ಮುಂದೆ ನಿಂತುಕೊಂಡೇ ಹೇಳುತ್ತಿದ್ದಳು:

“ಒಂದು ಹತ್ತೈತಿ ತಮ್ಮಾ. ಅದರ ಬಾಜೂದು ಇನ್ನೂ ಕಣ್ಣ ತಗದಿಲ್ಲ.”

ಇದಕ್ಕಿಂತ ಸರಿಯಾಗಿ ಯಾವ ಎಂಜಿನಿಯರನೂ ಹೇಳಲಾರ. ನಾನೇ ಕಿವಿ ಕೊಡಲಿಲ್ಲ.

ಮೂರನೆಯ ದಿನ ಲೈನಿನ ಇನ್ನೊಂದು ತುದಿಗೆ, ತಿಕೋಟಾಕ್ಕೆ ಬಂದೆ. ಬೇಸತ್ತು, ಅಲ್ಲಿದ್ದ ಡಬ್ಬಿಯನ್ನು ಕಿತ್ತು ಚೀಲದಿಂದ ಬೇರೊಂದನ್ನು ಹಚ್ಚಿದೆ. ಥಟ್ಟನೆ ಎರಡನೆಯ ದೀಪ ಹತ್ತಿತು. ಕಿತ್ತದ್ದನ್ನು ಬೋರಲು ಮಾಡಿ ಬೆನ್ನು ನೋಡಿದೆ. ಅಂದರೆ ಶಾಂತಕ್ಕನ ಮನೆಯಲ್ಲಿ ಹಚ್ಚಿದ್ದೂ ಅದೇ ಜಾತಿಯದು. ಕೇಬಲ್ಲಿಗೆ ಏನೂ ಆಗಿರಲಿಲ್ಲ. ಸಿಡಿಲಿನದು ಮೊದಲ ಗಳಿಗೆಯ ತಪ್ಪಷ್ಟೇ. ಉಳಿದ ಮೂರು ದಿನ ನನ್ನವು. ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಫೋನ್ ಬಂತು. “ಎರಡೂ ಹತ್ಯಾವ ತಮ್ಮಾ,” ಎಂದಳು ಶಾಂತಕ್ಕ. ಮೊಮ್ಮಗು ಹುಟ್ಟಿದ ಸುದ್ದಿ ಹೇಳುವ ದನಿ.

ಕಳ್ಳಕವಟಗಿಗೆ ಹೋದೆ. ಆಕೆಯ ಬಾಗಿಲಿನಲ್ಲಿ ಜನ ನೆರೆದಿದ್ದರು. ಒಣದ್ರಾಕ್ಷಿಯ ವ್ಯಾಪಾರದವರು, ಕಿರಾಣಿ ಅಂಗಡಿಯ ಗುರುಪಾದಪ್ಪ, ಇನ್ನೂ ಕೆಲವರು. ಮೂರು ದಿನ ರೇಟು ತಿಳಿಯದೆ, ರೊಕ್ಕ ಕಳಿಸಲಾಗದೆ ಅವರಿಗೆ ಸಿಟ್ಟು. ಏನಾಗಿತ್ತು ಎಂದು ಕೇಳಿದರು. ನಿಜ ಹೇಳಲೆಂದೇ ಬಾಯಿ ತೆರೆದೆ — ಹಾಗೆಂದು ಈಗ ಅನಿಸುತ್ತದೆ, ನಂಬಬೇಡಿ. ಅಷ್ಟರಲ್ಲಿ ಗುರುಪಾದಪ್ಪ ಎಲ್ಲರ ಕಡೆ ತಿರುಗಿ ನಗುತ್ತ ಅಂದರು:

“ಏಳನೇತ್ತಕ್ಕ ಸಾಲಿ ಬಿಟ್ಟಾವನ ಕೈಯಾಗ ಕೊಟ್ರ ಇಷ್ಟ ನೋಡ್ರಿ. ವಾಯರ್ ಎಳಿಯೂದು ಬ್ಯಾರೆ, ತಿಳಕೊಳ್ಳೂದು ಬ್ಯಾರೆ.”

ಜನ ನಕ್ಕರು. ಕಿವಿ ಕಾದವು. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

“ನನ್ನ ಲೈನಿನಾಗ ಏನೂ ಇರಲಿಲ್ರಿ. ಇಲ್ಲೇ ಮನ್ಯಾಗ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕ್ಯಾರ.”

ನಗು ನಿಂತಿತು. ಎಲ್ಲರೂ ಹೊಸ್ತಿಲಲ್ಲಿ ನಿಂತಿದ್ದ ಶಾಂತಕ್ಕನನ್ನು ನೋಡಿದರು. ರೇಖಾ ಏನೋ ಹೇಳಲು ಮುಂದೆ ಬಂದಳು. ತಾಯಿ ಅವಳ ತೋಳು ಹಿಡಿದು ತಡೆದಳು.

“ತಮ್ಮಾ, ನನ್ನ ಮಾರಿ ನೋಡಿ ಹೇಳು,” ಎಂದಳು.

ನೋಡಲಿಲ್ಲ. ಅದಕ್ಕಿಂತ ಹೊಲಸು ಕೆಲಸ ಮಾಡಿದೆ. ಆಕೆಯನ್ನು ಕ್ಷಮಿಸಿದೆ. “ಇರಲಿ ಬಿಡಕ್ಕಾ, ಆಗತೈತಿ,” ಎಂದೆ. ದೊಡ್ಡ ಮನಸ್ಸಿನವನ ಹಾಗೆ, ಎಲ್ಲರಿಗೂ ಕೇಳುವ ಹಾಗೆ.

ಆ ಮನೆಯಲ್ಲಿಟ್ಟರೆ ಇನ್ನೇನಾಗುತ್ತದೆ ಎಂದು ಹಿಂದಿನಿಂದ ಯಾರೋ ಅಂದರು. ಆ ಮಾತು ಬಹಳ ದಿನದಿಂದ ಕಾಯುತ್ತ ಕುಳಿತಿತ್ತು, ನಾನು ಬಾಗಿಲು ತೆಗೆದುಕೊಟ್ಟೆ. ತಮ್ಮ ಅಂಗಡಿಯಲ್ಲಿ ಮೂರು ಪ್ಲಗ್ ಇವೆ, ಅಲ್ಲಿಗೇ ತರಬೇಕು ಎಂದರು ಗುರುಪಾದಪ್ಪ. ಆ ವಾರವೇ ಡಬ್ಬಿ ಅಲ್ಲಿಗೆ ಹೋಯಿತು. ಕೇಬಲ್ಲಿನ ದಾರಿ ಬದಲಾದ್ದರಿಂದ ಶಾಂತಕ್ಕನ ಮನೆಯ ಎಳೆಯನ್ನು ಕತ್ತರಿಸಬೇಕಾಯಿತು. ಮತ್ತೆ ಎಳೆದು ಕೊಡುತ್ತೇನೆ ಎಂದು ಹೇಳಿದೆ. ಕೊಡಲಿಲ್ಲ. ಆಕೆಯ ಮುಖ ನೋಡುವುದು ತಪ್ಪಿದರೆ ಸಾಕಾಗಿತ್ತು. ಹಲಗೆಯಿಂದ ಡಬ್ಬಿ ಇಳಿಸುವಾಗ ನೋಡಿದೆ, ಅದರ ಮೇಲೆ ಒಂದು ಕಣ ಧೂಳಿರಲಿಲ್ಲ.

ಪಹಣಿಗೆ ಜನ ಬರುವುದು ನಿಂತಿತು. ರೇಖಾ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಹೋಗತೊಡಗಿದಳು. ಅದಾದ ಮೇಲೆ ಮದುವೆಯಾಗಿ ಹೋದಳೆಂದು ಕೇಳಿದೆ.

ನನ್ನ ಕೆಲಸ ಬೆಳೆಯಿತು. ಬೆಳೆದಂತೆಲ್ಲ ಒಂದು ಕನಸು ಬೀಳತೊಡಗಿತು. ಅದರಲ್ಲಿ ನಾನೇ ಬೆಳಕು. ಎಳೆಯೊಳಗೆ ತೇಲುತ್ತ ಹೋಗುತ್ತಿರುತ್ತೇನೆ, ಮೈಗೆ ಭಾರವೇ ಇಲ್ಲ. ಕೆಳಗೆ ತಿಕೋಟಾದ ಕರಿ ನೆಲ, ಹಸಿರು ಚಪ್ಪರಗಳು, ನೀಲಿ ನೀರಿನ ಹೊಂಡಗಳು. ಎಷ್ಟೋ ಹೊತ್ತಿನ ಮೇಲೆ ತುದಿಗೆ ಒಂದು ಕೋಣೆ ಕಾಣುತ್ತದೆ. ಒಳಗೆ ಯಾರೋ ಕಾಯುತ್ತಿದ್ದಾರೆ. ಇನ್ನೇನು ಮುಟ್ಟಬೇಕು — ಎಚ್ಚರವಾಗುತ್ತದೆ. ಕನಸು ಹೆದರಿಸುವಂಥದ್ದಲ್ಲ. ಬಹಳ ಚೆಂದದ್ದು. ಚೆಂದವಾಗಿದ್ದುದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಕಾಖಂಡಕಿಯ ಒಂದು ಮನೆಗೆ ಹೊಸ ಕನೆಕ್ಷನ್ ಕೊಡಲು ಹೋದೆ. ಬಾಗಿಲು ತೆಗೆದದ್ದು ರೇಖಾ. ಸೊಂಟದ ಮೇಲೆ ಕೂಸು. ಗುರುತು ಹಿಡಿದಳು, ಮುಖದಲ್ಲಿ ಏನೂ ತೋರಗೊಡಲಿಲ್ಲ. ಎಲ್ಲಿ ಇಡಬೇಕೆಂದು ಗೋಡೆ ತೋರಿಸಿದಳು.

“ಇಲ್ಲಿ ಎರಡು ಪ್ಲಗ್ ಅದಾವ ಕಾಕಾ. ಈ ಸಲ ಯಾರ ಮ್ಯಾಲೆ ಹಾಕ್ತೀರಿ?”

ಕೈಯಲ್ಲಿದ್ದ ಎಳೆ ಮುರಿಯಿತು. ಹೇಗೋ ಕೆಲಸ ಮುಗಿಸಿದೆ. ಅಲ್ಲಿಂದ ವಿಜಯಪುರಕ್ಕೆ ಮರಳದೆ ನೆಟ್ಟಗೆ ಕಳ್ಳಕವಟಗಿಗೆ ಹೋದೆ.

ಶಾಂತಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ — ಚೀಲ, ಒಂದೇ ಜಾತಿಯ ಡಬ್ಬಿ, ತಿಕೋಟಾದ ಕಟ್ಟೆ, ಆಕೆಯ ಫೋನು ಬಂದಾಗಲೇ ನನಗೆ ಎಲ್ಲ ತಿಳಿದಿತ್ತೆಂಬುದು. ಆಕೆ ಮೊರದೊಳಗಿನ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ಪ್ಲಗ್ ನಾ ತಗದಿಲ್ಲಂತ ನನಗ ಗೊತ್ತಿಲ್ಲೇನೋ? ನನಗ ಹೇಳಿ ಏನ್ ಮಾಡ್ತಿ,” ಎಂದಳು. “ಅವತ್ತ ನಕ್ಕವರ ಮುಂದ ಹೇಳು, ಹೋಗು.”

ಹೋದೆ. ಗುರುಪಾದಪ್ಪನವರ ಅಂಗಡಿಯ ಮುಂದೆ ಸಂಜೆ ಜನ ಕೂಡುತ್ತಾರೆ. ಅಂದು ಇದ್ದವರಲ್ಲಿ ಅರ್ಧದಷ್ಟು ಜನ ಅಲ್ಲಿದ್ದರು. ಹೇಳಿದೆ. ಊರೇ ನನ್ನ ಮೇಲೆ ಬೀಳುತ್ತದೆ ಎಂದುಕೊಂಡಿದ್ದೆ, ಹಾಗಾಗಲೆಂದು ಒಳಗೊಳಗೆ ಬಯಸಿದ್ದೆ ಕೂಡ. ಯಾರೂ ಬೀಳಲಿಲ್ಲ. ಗುರುಪಾದಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು. “ಹೋಗಲಿ ಬಿಡೋ ಮಾರಾಯ, ಹಳೇ ಮಾತು. ಯಾರಿಗಿ ನೆನಪೈತಿ?” ಎಂದು ಚಹಾ ತರಿಸಿದರು. ಅಂದು ನಾನು ಶಾಂತಕ್ಕನಿಗೆ ಕೊಟ್ಟ ಕ್ಷಮೆ, ಅದೇ ದನಿಯಲ್ಲಿ ನನಗೆ ತಿರುಗಿ ಬಂದಿತ್ತು. ಯಾರೂ ಎದ್ದು ಆ ಓಣಿಯ ಕಡೆ ನಡೆಯಲಿಲ್ಲ. ಆಕೆಯನ್ನು ಕರೆದು ಒಂದು ಮಾತು ಹೇಳೋಣ ಎಂದೂ ಅನ್ನಲಿಲ್ಲ. ಕತ್ತಲಾಗುತ್ತ ಬಂತು ಎಂದು ಒಬ್ಬೊಬ್ಬರೇ ಮನೆಗೆ ಹೋದರು.

ಮರುದಿನ ಕೇಬಲ್ಲಿನ ಸುರುಳಿ ಹೊತ್ತು ಮತ್ತೆ ಶಾಂತಕ್ಕನ ಮನೆಗೆ ಹೋದೆ. ಡಬ್ಬಿ ಇಲ್ಲಿಗೇ ತರುತ್ತೇನೆ, ಬೇಕಾದಷ್ಟು ಪ್ಲಗ್ ಹಾಕುತ್ತೇನೆ, ಅಂಗಡಿಯವರೊಂದಿಗೆ ಜಗಳವಾದರೂ ಆಗಲಿ ಎಂದೆ. ಆಕೆ ಸುರುಳಿಯನ್ನು ನೋಡಿದಳು, ಆಮೇಲೆ ನನ್ನನ್ನು. ಈ ಸಲ ನಾನು ಮುಖ ತಪ್ಪಿಸಲಿಲ್ಲ.

“ಬ್ಯಾಡ,” ಎಂದಳು. “ನಾಳೆ ಮತ್ತ ದೀಪ ಹೋದ್ರ ಮೊದಲ ನನ್ನ ಬಾಗಲಕ್ಕ ಬರ್ತಾರ. ನೀ ಹೇಳಿದಿ, ಅದು ಖರೆ. ಅವ್ರು ಕಿವಿಗೆ ಹಾಕ್ಕೊಂಡಿಲ್ಲ.”

ಅಂಗಡಿಯವರ ಹತ್ತಿರ ಇನ್ನೊಮ್ಮೆ ಹೋಗಬೇಕು, ಮತ್ತೂ ಒಮ್ಮೆ ಹೋಗಬೇಕು. ಕಿವಿಗೆ ಹಾಕಿಕೊಳ್ಳುವ ತನಕ ಹೇಳುತ್ತಿರುವುದೊಂದೇ ನನಗೆ ಉಳಿದಿರುವುದು. ಇದನ್ನು ಬರೆದದ್ದೂ ಅದಕ್ಕೇ. ಆಕೆಯ ಹೆಸರು ಶಾಂತಾಬಾಯಿ. ಆಕೆ ಪ್ಲಗ್ ಕಿತ್ತಿರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ವಿಜಯಪುರದಲ್ಲಿ ಎರಡು ಕೋಣೆಯ ಆಫೀಸು. ಎಳೆ ಕೂಡಿಸುವ ಯಂತ್ರ ಒಂದು. ಕೆಲಸಕ್ಕೆ ನಾಲ್ವರು. ಹನ್ನೊಂದು ಹಳ್ಳಿಗಳ ಲೈನು. ಕಳ್ಳಕವಟಗಿಯಲ್ಲಿ ಅರವತ್ತೆರಡು ಮನೆ. ಕೆಳಗಿನ ಓಣಿಯಲ್ಲಿ ಒಂದೂ ಇಲ್ಲ.