ಮಾಮಿಯ ಕತೆಗೆ ಹೂಂ ಹೇಳಿದವರು

ಸತ್ತ ಮಕ್ಕಳಿಗೂ ಜಾತಕ ನೋಡಿ ಪ್ರೇತಮದುವೆ ಮಾಡಿಸುವ ಊರು ನಮ್ಮದು. ಅಂಥ ಮದುವೆಗೆ ನಾನೂ ಹೋಗಿದ್ದೇನೆ. ಗಡದ್ದಾಗಿ ಉಂಡು, ಕೈ ತೊಳೆಯುವಾಗ ಮರೆಯಲ್ಲಿ ನಕ್ಕಿದ್ದೇನೆ. ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿ ಅಲ್ಲ ನಾನು. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಕಿವಿಯಾರೆ ಕೇಳಿದ್ದನ್ನು ಏನು ಮಾಡಲಿ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ನನಗೆ ಪಾಡ್‌ಕಾಸ್ಟಿನ ಹುಚ್ಚು ಹಿಡಿಯಿತು. ನಮ್ಮ ಕಡೆಯ ಹಿರಿಯರ ಕತೆಗಳನ್ನು ಅವರದೇ ಸ್ವರದಲ್ಲಿ ನಾಲ್ಕು ಜನರಿಗೆ ಕೇಳಿಸಬೇಕೆಂಬ ಆಸೆ. ಮೂಡುಬಿದಿರೆಯಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯ ನಝೀರ್ ನನ್ನ ಗುರು. ಸಂಜೆ ನಮ್ಮೂರು ತೋಡಾರಿನಿಂದ ಬಸ್ಸು ಹತ್ತಿ ಅವನ ಸ್ಟುಡಿಯೋದಲ್ಲಿ ಹೋಗಿ ಕೂರುತ್ತಿದ್ದೆ. ಮನುಷ್ಯನ ಮಾತು ಪರದೆಯ ಮೇಲೆ ಗುಡ್ಡ ಕಣಿವೆಗಳಾಗಿ ಹಾಸಿಕೊಂಡದ್ದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಇನ್ನೂ ಮರೆತಿಲ್ಲ. ಕೆಮ್ಮು ಎಲ್ಲಿದೆಯೆಂದು ಕಣ್ಣಲ್ಲೇ ಕಂಡು ಕತ್ತರಿಸಬಹುದು. ತುದಿಗಳನ್ನು ಸೇರಿಸಿದರೆ ಹೊಲಿಗೆ ಹಾಕಿದ್ದೇ ತಿಳಿಯದು. ಯಾರೂ ಮಾತಾಡದ ಒಂದು ತುಣುಕನ್ನು ಆರಿಸಿ ಇದು ಫ್ಯಾನಿನ ಸದ್ದು ಎಂದು ಕಂಪ್ಯೂಟರಿಗೆ ಕಲಿಸಿದರೆ ಇಡೀ ರೆಕಾರ್ಡಿಂಗಿನಿಂದ ಫ್ಯಾನೇ ಮಾಯ. ನಿದ್ದೆಯಲ್ಲೂ ಕತ್ತರಿಸುತ್ತಿದ್ದೆ, ಅಂಟಿಸುತ್ತಿದ್ದೆ.

"ರೆಕಾರ್ಡ್ ಮಾಡುವಾಗ ನೀನು ಬಾಯಿ ತೆರೀಬೇಡ ಮಾರಾಯ," ಎಂದು ನಝೀರ್ ಮೊದಲೇ ಹೇಳಿದ್ದ. "ತಲೆ ಮಾತ್ರ ಆಡಿಸು. ಎರಡು ಸ್ವರ ಒಂದರ ಮೇಲೊಂದು ಬಿದ್ರೆ ಬಿಡಿಸ್ಲಿಕ್ಕೆ ನಿನ್ನಿಂದ ಆಗ್ಲಿಕ್ಕಿಲ್ಲ."

ನನ್ನ ಅಪ್ಪನ ಅಕ್ಕ ಕಮಲ ಮಾಮಿ ವೇಣೂರಿನಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು. ಮೊಸಳೆಯನ್ನು ಮದುವೆಯಾದ ಹುಡುಗಿಯ ಕತೆಯೊಂದು ಅವರಲ್ಲಿತ್ತು. ಅದರ ಕೊನೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾರಣ ಇಷ್ಟೇ: ಮಾಮಿ ಕಣ್ಣು ಮುಚ್ಚಿ ಕತೆ ಹೇಳುವವರು, ಕೇಳುವವರು ಮಾತು ಮಾತಿಗೆ ಹೂಂ ಎನ್ನಬೇಕು. ಹೂಂ ನಿಂತಿತೋ, ಕತೆ ಅಲ್ಲಿಗೇ ನಿಂತಿತು. ಮಕ್ಕಳಾಗಿದ್ದ ನಾವು ಕೊನೆ ಬರುವ ಮೊದಲೇ ನಿದ್ದೆಗೆ ಬೀಳುತ್ತಿದ್ದೆವು.

ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆದ ಮೇಲೆ ಸ್ವರ ಉಳಿಯುವುದು ಖಾತ್ರಿ ಇಲ್ಲವೆಂದರು ಡಾಕ್ಟರು. ಮರುದಿನವೇ ಮೈಕ್ ಹಿಡಿದು ವೇಣೂರಿಗೆ ಓಡಿದೆ.

"ಸ್ವರ ಹೋಗುವ ಮೊದಲು ಹಿಡಿದಿಡ್ಲಿಕ್ಕೆ ಬಂದೆಯಾ? ಬಾ, ಕೂತುಕೋ," ಎಂದು ಮಾಮಿ ನಕ್ಕರು.

ಮಧ್ಯಾಹ್ನದ ಹೊತ್ತು. ಮನೆಯಲ್ಲಿ ನಾವಿಬ್ಬರೇ. ಅವರ ಸೆರಗಿಗೆ ಮೈಕ್ ಸಿಕ್ಕಿಸಿ ಎದುರು ಕುಳಿತೆ. ಗುರುವಿನ ಮಾತಿನಂತೆ ತಲೆ ಆಡಿಸತೊಡಗಿದೆ. ಆಗ ಹೊಳೆಯಿತು: ಕಣ್ಣು ಮುಚ್ಚಿದವರಿಗೆ ನನ್ನ ತಲೆ ಕಾಣುವುದು ಹೇಗೆ? ಈಗ ನಿಲ್ಲಿಸುತ್ತಾರೆ, ಇನ್ನೀಗ ನಿಲ್ಲಿಸುತ್ತಾರೆ ಎಂದು ಕಾದೆ. ಮಾಮಿ ನಿಲ್ಲಿಸಲಿಲ್ಲ. ಕೊನೆಯ ಹತ್ತಿರ ಒಮ್ಮೆ ಗಂಟಲು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಾದರು. ಫ್ಯಾನಿನ ಸದ್ದು ಬಿಟ್ಟರೆ ನನಗೆ ಏನೂ ಕೇಳಲಿಲ್ಲ; ಮುಗಿಯಿತೆಂದುಕೊಂಡೆ. ಮತ್ತೆ ಶುರುಮಾಡಿ, ಹುಡುಗಿಯನ್ನು ಹೊಳೆ ದಾಟಿಸಿ, ಕತೆಯನ್ನು ದಡ ಮುಟ್ಟಿಸಿದರು. ನನಗೆ ಎದ್ದು ಕುಣಿಯಬೇಕೆನಿಸಿತು.

ಮಾರನೆ ದಿನ ಬೆಳಿಗ್ಗೆ ಎಡಿಟಿಂಗಿಗೆ ಕುಳಿತೆ. ಫ್ಯಾನು ತೆಗೆದೆ. ಮಾಮಿಯ ಮಾತಿನ ನಡುವೆ ಅಲ್ಲಲ್ಲಿ ಸಣ್ಣ ಸಣ್ಣ ದಿಬ್ಬಗಳು ಉಳಿದವು. ಉಸಿರಿರಬೇಕೆಂದು ಹೆಡ್‌ಫೋನ್ ಹಾಕಿದೆ.

ಹೂಂ.

ಮುಂದಿನದಕ್ಕೆ ಹೋದೆ. ಹೂಂ. ಗಂಡಸೋ ಹೆಂಗಸೋ ತಿಳಿಯದು; ಕತೆಯಲ್ಲಿ ಪೂರ್ತಿ ಮುಳುಗಿದವರ ಹೂಂ. ಮಾಮಿ ಸುಮ್ಮನಾದ ಆ ದೀರ್ಘ ಮೌನಕ್ಕೆ ಬಂದೆ. ಅಲ್ಲಿ ಅದೇ ಸ್ವರ, ತುಳುವಿನಲ್ಲಿ, ಮೆತ್ತಗೆ ಕೇಳಿತು: "ಬೊಕ್ಕ?" ಆಮೇಲೇನು ಎಂದು. ಅದಾದ ಮೇಲೆಯೇ ಮಾಮಿಯ ಕತೆ ಮುಂದುವರಿದಿತ್ತು.

ಹೆದರಿಕೆ ಆಯಿತೇ ಎಂದು ನೀವು ಕೇಳಬಹುದು. ಇಲ್ಲ. ಮೈಯೆಲ್ಲ ಜುಮ್ಮೆಂದದ್ದು ಒಂಥರಾ ಉತ್ಸಾಹದಿಂದ. ಲ್ಯಾಪ್‌ಟಾಪ್ ಎತ್ತಿಕೊಂಡು ನಝೀರನಲ್ಲಿಗೆ ಹೋಗಿ ಕೇಳಿಸಿದೆ.

"ಹೂಂ ಹೇಳಿದ್ದು ನೀನೇ. ಬಾಯಿ ಮುಚ್ಚಿಯೂ ಹೂಂ ಹೇಳ್ಲಿಕ್ಕೆ ಆಗ್ತದೆ," ಎಂದು ಅವನು ಲೇವಡಿ ಮಾಡಿದ. ನಾನು ಒಂದು ಜಾಗ ತೋರಿಸಿದೆ. ಅಲ್ಲಿ ನಾನು ಕೆಮ್ಮಿದ್ದೆ. ಕೆಮ್ಮಿನ ಜೊತೆಜೊತೆಗೇ ಹೂಂ ಇತ್ತು. ನಝೀರ್ ಮತ್ತೆ ಮತ್ತೆ ಹಾಕಿ ಕೇಳಿದ. ಹೆಡ್‌ಫೋನ್ ತೆಗೆದಿಟ್ಟು, "ನೀನು ದೂರ ಇದ್ದೀ, ಕೆಮ್ಮಿನಲ್ಲೇ ಗೊತ್ತಾಗ್ತದೆ. ಹೂಂ ಹೇಳಿದ ಈ ಜನ ಮೈಕಿಗೆ ಮಾಮಿಗಿಂತ ಹತ್ತಿರ ಉಂಟು ಮಾರಾಯ," ಎಂದ. ಮತ್ತೆ ಲೇವಡಿ ಮಾಡಲಿಲ್ಲ.

"ಈ ಹೂಂಗಳನ್ನು ತೆಗೆದುಬಿಡುವಾ?" ಎಂದು ಕೇಳಿದ. ಒಂದು ಪ್ರತಿಯಲ್ಲಿ ತೆಗೆದು ನೋಡಿದೆವು. ಮಾಮಿ ಖಾಲಿ ಕೋಣೆಯಲ್ಲಿ ಒಬ್ಬರೇ ಮಾತಾಡಿದ ಹಾಗಿತ್ತು. ಎಲ್ಲವನ್ನೂ ಇದ್ದಲ್ಲೇ ಬಿಟ್ಟೆವು.

ಆಪರೇಷನ್ ಆಯಿತು. ಮಾಮಿ ಉಳಿದರು, ಸ್ವರ ಉಳಿಯಲಿಲ್ಲ. ಈಗ ಪಿಸುಮಾತು ಮಾತ್ರ. ಅವರ ಕಿವಿಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕೈ ಹಿಡಿದು, "ಅವತ್ತು ಭಾರೀ ನೋಯ್ತಿತ್ತು ಮಗಾ. ನೀನು ಬೊಕ್ಕ ಕೇಳದಿದ್ರೆ ಅಲ್ಲಿಗೇ ಬಿಡ್ತಿದ್ದೆ," ಎಂದರು.

ಕೇಳಿದ್ದು ನಾನಲ್ಲ. ಆದರೂ ಹೌದೆಂದು ತಲೆ ಆಡಿಸಿದೆ.

ಪಾಡ್‌ಕಾಸ್ಟಿನ ಆ ಕಂತನ್ನು ಕೇಳಿದವರು ಈಗಲೂ ವಿಚಾರಿಸುತ್ತಾರೆ, ಅಷ್ಟು ಚಂದ ಹೂಂ ಹೇಳುವವರು ಯಾರು ಎಂದು. ಮಾಮಿಗೆ ಹೇಳಿದ ಸುಳ್ಳನ್ನು ಅವರಿಗೂ ಹೇಳಲು ಮನಸ್ಸಾಗುವುದಿಲ್ಲ. ನಿಜ ಹೇಳೋಣವೆಂದರೆ, ನನಗೆ ಗೊತ್ತಿಲ್ಲ.